ಗೆಸ್ ಹೊಡೆದ ಉತ್ತರಕ್ಕೂ ಅಂಕ ಕೊಡಬೇಕಾ? ಕೆಮಿಸ್ಟ್ರಿ ಕ್ಲಾಸಿನಲ್ಲಿ ನಾನು ಮಾಡಿಕೊಂಡ ದಾರಿ

ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಕೆಮಿಸ್ಟ್ರಿಗೆ 60 ಪ್ರಶ್ನೆ, 80 ನಿಮಿಷ, ಒಂದಕ್ಕೆ ಒಂದು ಅಂಕ. ಹಾಗಾಗಿ ಪರೀಕ್ಷೆ ಹತ್ತಿರ ಬಂತೆಂದರೆ "ಒಂದೂ ಬಬಲ್ ಖಾಲಿ ಬಿಡಬೇಡಿ, ಗೊತ್ತಿಲ್ಲದಿದ್ದರೂ ಏನಾದರೊಂದು ತುಂಬಿ" ಎಂದು ಕ್ಲಾಸಿನಲ್ಲಿ ನಿಂತು ಹೇಳಿಕೊಡುವವಳು ನಾನೇ. ಅದೇ ನಾನು ಯೂನಿಟ್ ಟೆಸ್ಟ್ ಪೇಪರ್ ತಿದ್ದುವಾಗ "ಇವನು ಗೆಸ್ ಹೊಡೆದಿದ್ದಾನೆ, ಇವನಿಗ್ಯಾಕೆ ಅಂಕ" ಎಂದು ಮುಖ ಗಂಟು ಹಾಕಿಕೊಂಡರೆ ಹೇಗೆ?

ರಾಜಾಜಿನಗರದ ಕಡೆ ಒಂದು ಪಿಯು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಸೆಕೆಂಡ್ ಪಿಯು ಎರಡು ಸೆಕ್ಷನ್ ನನ್ನ ಪಾಲಿಗಿವೆ. ಸ್ಟಾಫ್ ರೂಮಿನಲ್ಲಿ ಈ ಗೆಸ್ ವಿಷಯ ಎತ್ತಿದರೆ ಎರಡು ಪಂಗಡ ಆಗುತ್ತದೆ. ಉತ್ತರ ಸರಿ ಇದ್ದರೆ ಮುಗೀತು, ತಲೆಯೊಳಗೆ ಏನಿತ್ತು ಅಂತ ನೋಡೋಕೆ ನಾವ್ಯಾರು ಅನ್ನುವವರು ಒಂದು ಕಡೆ. ಓದಿದವನಿಗೂ ಇಂಕಿ ಪಿಂಕಿ ಪಾಂಕಿ ಹಾಕಿದವನಿಗೂ ಒಂದೇ ಅಂಕ ಅಂದರೆ ಅನ್ಯಾಯ ಅಲ್ವಾ ಅನ್ನುವವರು ಇನ್ನೊಂದು ಕಡೆ. ಎರಡನೇ ಮಾತನ್ನು ನನ್ನ ಮುಂದೆ ಮೊದಲು ಎತ್ತಿದ್ದು ಒಬ್ಬ ಹುಡುಗಿ. "ಮ್ಯಾಮ್, ನನಗೆ ಗೊತ್ತಿರಲಿಲ್ಲ, ಪ್ರಾಮಾಣಿಕವಾಗಿ ಖಾಲಿ ಬಿಟ್ಟೆ. ಪಕ್ಕದವನು ಎಲ್ಲಾದಕ್ಕೂ ಸಿ ಹಾಕಿ ನನಗಿಂತ ಜಾಸ್ತಿ ತಗೊಂಡ." ಅವಳ ಸಿಟ್ಟು ನ್ಯಾಯವಾದದ್ದೇ.

ಲೆಕ್ಕ ಹಾಕಿ ನೋಡಿ. ನಾಲ್ಕು ಆಯ್ಕೆಯ 60 ಪ್ರಶ್ನೆಗೆ ಕಣ್ಣು ಮುಚ್ಚಿ ಬಬಲ್ ತುಂಬಿದರೂ ಸರಾಸರಿ 15 ಬರುತ್ತದೆ. ಹೆಚ್ಚಿನವರಿಗೆ 12ರಿಂದ 18ರ ಒಳಗೆ ಬೀಳುತ್ತದೆ. ಪುಸ್ತಕ ಮುಟ್ಟದವನಿಗೂ ಇದು ಸಿಗುತ್ತದೆ. ನೀಟ್‌ನಲ್ಲಿ ಅಂಕ ಕಳೆಯುತ್ತಾರಲ್ಲ, ಅಲ್ಲಿ ಗೆಸ್ ನಡೆಯೋದಿಲ್ಲ ಎಂದು ಮಕ್ಕಳೂ ಪೋಷಕರೂ ನಂಬಿದ್ದಾರೆ. ಅದೂ ಪೂರ್ತಿ ನಿಜವಲ್ಲ. ಸರಿಗೆ 4, ತಪ್ಪಿಗೆ ಮೈನಸ್ 1. ಕುರುಡಾಗಿ ನಾಲ್ಕು ಪ್ರಶ್ನೆಗೆ ಹೊಡೆದರೆ ಸರಾಸರಿ ಒಂದು ಸರಿ, ಮೂರು ತಪ್ಪು. ನಾಲ್ಕರಲ್ಲಿ ಮೂರು ಹೋಗಿ ಒಂದು ಉಳಿಯುತ್ತದೆ. ಕುರುಡು ಗೆಸ್ಸಿನ ಲಾಭ ಸೊನ್ನೆ ಆಗಬೇಕಾದರೆ ಸರಿ ಉತ್ತರದ ಅಂಕದಲ್ಲಿ ಮೂರನೇ ಒಂದು ಭಾಗ ಕಳೆಯಬೇಕು, ಅಲ್ಲಿ ಕಳೆಯುವುದು ಕಾಲು ಭಾಗ ಮಾತ್ರ. ಇನ್ನು ಎರಡು ಆಯ್ಕೆ ಖಂಡಿತ ಅಲ್ಲ ಎಂದು ಹೊಡೆದು ಹಾಕಿ, ಉಳಿದ ಎರಡರಲ್ಲಿ ಒಂದನ್ನು ಆರಿಸಿದರೆ? ಅಂಥ ಎರಡು ಪ್ರಶ್ನೆಗೆ ಸರಾಸರಿ 3 ಅಂಕ. ಲಾಭ ಒಂದೇ ಸಲಕ್ಕೆ ಏರಿತು.

ಹೊಡೆದು ಹಾಕಿದ್ದು ಹೇಗೆ? ನನ್ನ ತಲೆ ಕೆಡಿಸಿದ ಪ್ರಶ್ನೆ ಇದು. ಕೆಮಿಸ್ಟ್ರಿ ಗೊತ್ತಿಲ್ಲದೆ ಆಯ್ಕೆ ಹೊಡೆದು ಹಾಕೋಕೆ ಆಗುವುದಿಲ್ಲ. ಅಂದರೆ ಮಕ್ಕಳು "ಸುಮ್ನೆ ಗೆಸ್ ಮಾಡಿದೆ ಮ್ಯಾಮ್" ಅನ್ನುವುದರಲ್ಲಿ ಎಷ್ಟು ಅದೃಷ್ಟ, ಎಷ್ಟು ಓದು?

ಒಂದು ಪ್ರಶ್ನೆ ನೋಡಿ. 10⁻⁸ ಮೋಲಾರ್ ಹೈಡ್ರೋಕ್ಲೋರಿಕ್ ಆಸಿಡ್‌ನ ಪಿಹೆಚ್ ಎಷ್ಟು? ಆಯ್ಕೆಗಳು 8, 7, 6.98, 6. ಸೂತ್ರಕ್ಕೆ ಹಾಗೇ ಹಾಕಿದವರಿಗೆ 8 ಬರುತ್ತದೆ. ಸರಿ ಉತ್ತರ 6.98. ಇಷ್ಟು ತೆಳು ದ್ರಾವಣದಲ್ಲಿ ನೀರು ಕೊಡುವ ಹೈಡ್ರೋಜನ್ ಅಯಾನನ್ನೂ ಲೆಕ್ಕಕ್ಕೆ ಹಿಡಿಯಬೇಕು. ಹಿಂದಿನ ಬೆಂಚಿನ ಒಬ್ಬ ಹುಡುಗ 6.98 ಹಾಕಿದ್ದ. ಅವನಿಗೆ ಆ ಲೆಕ್ಕ ಬರುವುದಿಲ್ಲ ಎಂದು ನನಗೆ ಗೊತ್ತು. ಕಾಪಿ ಹೊಡೆದನೇನೋ ಎಂದು ಕರೆದು ಕೇಳಿದೆ. "ಗೆಸ್ಸು ಮ್ಯಾಮ್" ಅಂದ. ಹೇಗೆ ಗೆಸ್ ಮಾಡಿದೆ ಹೇಳು ಅಂದೆ. "ಆಸಿಡ್ ಅಂದಮೇಲೆ ಏಳಕ್ಕಿಂತ ಮೇಲೆ ಹೋಗಲ್ಲ, ಎಂಟು ಹೋಯ್ತು. ಏಳು ಅಂದ್ರೆ ಬರೀ ನೀರು, ಸ್ವಲ್ಪನಾದ್ರೂ ಆಸಿಡ್ ಹಾಕಿದೀವಲ್ಲ, ಅದೂ ಹೋಯ್ತು. ಆರು ಬರಬೇಕಾದ್ರೆ ಆಸಿಡ್ ಇನ್ನೂ ಜಾಸ್ತಿ ಇರಬೇಕು. ಉಳಿದದ್ದು ಅದೊಂದೇ."

ಇದಕ್ಕೆ ಗೆಸ್ ಅನ್ನುವವರು ಅನ್ನಲಿ. ಲೆಕ್ಕ ಗಿಣಿಪಾಠ ಮಾಡಿ ಬಂದವನಿಗಿಂತ ಇವನಿಗೆ ವಿಷಯ ಚೆನ್ನಾಗಿ ತಿಳಿದಿದೆ ಎಂದೇ ನಾನು ಹೇಳುವುದು.

ಅಲ್ಲಿಂದ ಕ್ಲಾಸ್ ಟೆಸ್ಟಿನ ರೀತಿಯನ್ನೇ ಬದಲಾಯಿಸಿದೆ. 20 ಪ್ರಶ್ನೆಯ ಟೆಸ್ಟ್. ಪ್ರತಿ ಉತ್ತರದ ಪಕ್ಕ ಒಂದು ಗುರುತು ಹಾಕಬೇಕು. ಖಂಡಿತ ಗೊತ್ತಿದ್ದರೆ ಎರಡು ಗೆರೆ, ಅರ್ಧಂಬರ್ಧ ಗೊತ್ತಿದ್ದರೆ ಒಂದು ಗೆರೆ, ಪೂರ್ತಿ ಗೆಸ್ ಆದರೆ ಸೊನ್ನೆ. ಗುರುತು ಯಾವುದೇ ಇರಲಿ, ಉತ್ತರ ಸರಿ ಇದ್ದರೆ ಒಂದು ಅಂಕ. ಅದನ್ನು ಕಡಿಮೆ ಮಾಡುವುದಿಲ್ಲ. ಇದು ಮುಖ್ಯ. ಗೆಸ್ ಎಂದು ಒಪ್ಪಿಕೊಂಡವನ ಅಂಕ ಕಿತ್ತುಕೊಂಡರೆ ಮುಂದಿನ ಸಲ ಅವನು ಯಾಕೆ ನಿಜ ಹೇಳುತ್ತಾನೆ? ಇಷ್ಟು ಹೇಳಿದ್ದರೂ ಮೊದಮೊದಲು ಎಲ್ಲರೂ ಎಲ್ಲದಕ್ಕೂ ಎರಡು ಗೆರೆ ಹಾಕಿಟ್ಟಿದ್ದರು. ಬೈಯುತ್ತಾರೆ ಎಂಬ ಭಯ. ಸೊನ್ನೆ ಹಾಕಿದವರನ್ನು ನಾನು ಏನೂ ಅನ್ನುವುದಿಲ್ಲ ಎಂದು ಗೊತ್ತಾದ ಮೇಲೆ ಗುರುತುಗಳು ನಂಬುವ ಹಾಗೆ ಬರತೊಡಗಿದವು.

ಪ್ರತಿ ಟೆಸ್ಟ್‌ನಲ್ಲಿ ಐದು ಪ್ರಶ್ನೆಗೆ ಮಾತ್ರ ಕಾರಣ ಬರೆಯಲು ಒಂದು ಸಾಲು ಜಾಗ ಬಿಡುತ್ತೇನೆ. ಯಾವ ಆಯ್ಕೆ ಯಾಕೆ ಬಿಟ್ಟೆ, ಅಷ್ಟೇ. ಉತ್ತರ ತಪ್ಪಿದ್ದರೂ ಬಿಟ್ಟ ಕಾರಣ ಸರಿ ಇದ್ದರೆ ಅರ್ಧ ಅಂಕ. ನಮ್ಮ ಫಿಸಿಕ್ಸ್ ಮೇಷ್ಟ್ರು ಇದಕ್ಕೆ ನಕ್ಕರು: "ಕತೆ ಬರೆದವರಿಗೆಲ್ಲ ಅರ್ಧ ಅಂಕ ಅಂತೀರಲ್ಲ ಮೇಡಂ!" ಕತೆಗೆ ಕೊಡುವುದಿಲ್ಲ. "ಇದು ಸರಿ ಅನ್ನಿಸಿತು" ಎಂದು ಬರೆದರೆ ಏನೂ ಇಲ್ಲ. "ಜಿಂಕ್ ಸಾಲ್ಟ್ ಲ್ಯಾಬಿನಲ್ಲಿ ಬಿಳಿ ಇತ್ತು, ಆದ್ದರಿಂದ ಅದು ಬಣ್ಣದ ಅಯಾನ್ ಅಲ್ಲ" ಎಂದು ಬರೆದರೆ ಇದೆ.

ಈ ಗುರುತುಗಳಿಂದ ಸಿಕ್ಕ ದೊಡ್ಡ ಲಾಭ ನಾನು ಹುಡುಕುತ್ತಿದ್ದ ಕಡೆ ಇರಲೇ ಇಲ್ಲ. ಗೆಸ್ ಹೊಡೆಯುವವರನ್ನು ಹಿಡಿಯಲು ಹೊರಟವಳಿಗೆ ಸಿಕ್ಕಿದ್ದು ಎರಡು ಗೆರೆ ಹಾಕಿ ತಪ್ಪು ಬರೆದವರು. ನೀರಿನಲ್ಲಿ ಯಾವ ಅಯಾನಿಗೆ ಬಣ್ಣ ಇರುತ್ತದೆ ಎಂದು ಕೇಳಿದ್ದೆ. ಸ್ಕ್ಯಾಂಡಿಯಂ ಪ್ಲಸ್ ತ್ರೀ, ಟೈಟಾನಿಯಂ ಪ್ಲಸ್ ತ್ರೀ, ಕಾಪರ್ ಪ್ಲಸ್ ಒನ್, ಜಿಂಕ್ ಪ್ಲಸ್ ಟೂ. ಉತ್ತರ ಟೈಟಾನಿಯಂ. ಅದರ ಡಿ ಕಕ್ಷೆಯಲ್ಲಿ ಒಂದು ಎಲೆಕ್ಟ್ರಾನ್ ಇದೆ, ನೇರಳೆ ಬಣ್ಣ ಕೊಡುತ್ತದೆ. ಸ್ಕ್ಯಾಂಡಿಯಂನಲ್ಲಿ ಡಿ ಖಾಲಿ, ಉಳಿದೆರಡರಲ್ಲಿ ತುಂಬಿದೆ, ಹಾಗಾಗಿ ಅವಕ್ಕೆ ಬಣ್ಣ ಇಲ್ಲ. ಒಂದಷ್ಟು ಜನ ಎರಡು ದಪ್ಪ ಗೆರೆ ಎಳೆದು ಕಾಪರ್ ಹಾಕಿದ್ದರು. ಮೈಲುತುತ್ತು ನೀಲಿ ಅಲ್ವಾ ಮ್ಯಾಮ್! ನೀಲಿ ಹೌದು, ಆದರೆ ಅದು ಕಾಪರ್ ಪ್ಲಸ್ ಟೂ. ಕಣ್ಣಾರೆ ನೋಡಿದ್ದೇ ಅವರ ದಾರಿ ತಪ್ಪಿಸಿತ್ತು. ಗೆಸ್ ಹೊಡೆದವನಿಗೆ ತನಗೆ ಗೊತ್ತಿಲ್ಲ ಎಂಬುದಾದರೂ ಗೊತ್ತಿರುತ್ತದೆ, ಮನೆಗೆ ಹೋಗಿ ಪುಸ್ತಕ ತೆಗೆಯುತ್ತಾನೆ. ಇವರು ತೆಗೆಯುವುದೇ ಇಲ್ಲ. ಹಾಗಾಗಿ ಟೆಸ್ಟ್ ಆದ ಮರುದಿನ ನಾನು ಬೋರ್ಡ್ ಮೇಲೆ ಬಿಡಿಸುವುದು ಎರಡು ಗೆರೆಯ ತಪ್ಪುಗಳನ್ನು ಮಾತ್ರ.

ಅದೇ ಪ್ರಶ್ನೆಗೆ ಒಬ್ಬಳು ಜಗಳಕ್ಕೇ ನಿಂತಳು. ಕಾಪರ್ ಪ್ಲಸ್ ಒನ್ ನೀರಿನಲ್ಲಿ ಉಳಿಯುವುದಿಲ್ಲ, ಅರ್ಧ ಕಾಪರ್ ಪ್ಲಸ್ ಟೂ ಆಗುತ್ತದೆ, ಅರ್ಧ ಕಾಪರ್ ಲೋಹ ಆಗುತ್ತದೆ ಎಂದು ನೀವೇ ಪಾಠ ಮಾಡಿದ್ದೀರಿ, ಅಂದರೆ ಕೊನೆಗೆ ನೀರು ನೀಲಿ ಆಗುತ್ತದೆ, ನನ್ನ ಉತ್ತರವೂ ಸರಿ ಎಂದು ವಾದ. ಪಕ್ಕದಲ್ಲಿ ಒಂದೇ ಗೆರೆ ಹಾಕಿದ್ದಳು! ಪ್ರಶ್ನೆ ಕೇಳಿದ್ದು ಆ ಅಯಾನಿನ ಬಣ್ಣವನ್ನು, ಆದ್ದರಿಂದ ಪೂರ್ತಿ ಅಂಕ ಕೊಡಲಿಲ್ಲ. ಅರ್ಧ ಕೊಟ್ಟೆ. ಮುಂದಿನ ವರ್ಷದ ಪೇಪರಿನಲ್ಲಿ ಕಾಪರ್ ತೆಗೆದು ಬೇರೆ ಅಯಾನ್ ಹಾಕಿದೆ.

ಬರೆಯುವ ಪ್ರಶ್ನೆಗಳಲ್ಲಿ ಕತೆ ಬೇರೆ. ಬೋರ್ಡ್ ಪರೀಕ್ಷೆಯ ಲೆಕ್ಕಗಳಿಗೆ ಅಂಕ ಹಂತ ಹಂತವಾಗಿ ಬರುತ್ತದೆ. ಸೂತ್ರಕ್ಕಿಷ್ಟು, ಬೆಲೆ ಹಾಕಿದ್ದಕ್ಕಿಷ್ಟು, ಯೂನಿಟ್ ಸಮೇತ ಉತ್ತರಕ್ಕಿಷ್ಟು. ಬರೀ ಉತ್ತರ ಬರೆದವನಿಗೆ ಕೊನೆಯದಷ್ಟೇ. ಆದರೂ ಒಂದು ಪೇಪರ್ ಮುಂದೆ ನನ್ನ ಕೆಂಪು ಪೆನ್ ನಿಂತುಬಿಟ್ಟಿತ್ತು. ಫಸ್ಟ್ ಆರ್ಡರ್ ರಿಯಾಕ್ಷನ್, ಹಾಫ್ ಲೈಫ್ (ಇದ್ದದ್ದು ಅರ್ಧ ಆಗಲು ಹಿಡಿಯುವ ಹೊತ್ತು) 10 ನಿಮಿಷ, 99.9 ಪರ್ಸೆಂಟ್ ಮುಗಿಯಲು ಎಷ್ಟು ಹೊತ್ತು? ಆ ಹುಡುಗಿ "100 ನಿಮಿಷ" ಎಂದಷ್ಟೇ ಬರೆದಿದ್ದಳು. ಲಾಗ್ ಇಲ್ಲ, ಸೂತ್ರ ಇಲ್ಲ. ಪೇಪರಿನ ಹಿಂಬದಿ ನೋಡಿದರೆ ಪೆನ್ಸಿಲ್‌ನಲ್ಲಿ ಸಣ್ಣಗೆ 100, 50, 25, 12.5 ಎಂದು ಇಳಿದು ಇಳಿದು 0.1ರ ಹತ್ತಿರ ನಿಂತಿದೆ. ಹತ್ತು ಸಲ ಅರ್ಧ ಮಾಡಿದರೆ 1024ರಲ್ಲಿ ಒಂದು ಪಾಲು ಉಳಿಯುತ್ತದೆ, ಅಂದರೆ ಹೆಚ್ಚು ಕಡಿಮೆ 0.1 ಪರ್ಸೆಂಟ್. ಹತ್ತು ಹತ್ತಲಿ ನೂರು. ಮೂರಕ್ಕೆ ಮೂರೂ ಕೊಟ್ಟೆ. ಪಕ್ಕದಲ್ಲಿ "ಬೋರ್ಡ್‌ನಲ್ಲಿ ಹೀಗೆ ಬರೆದರೆ ಅಂಕ ಹೋಗುತ್ತೆ, ಸೂತ್ರ ಬರಿ" ಎಂದೂ ಬರೆದೆ. ಲ್ಯಾಬಿನಲ್ಲಿ ಮಾತ್ರ ಈ ದಯೆ ಇಲ್ಲ. ಕೊಟ್ಟ ಸಾಲ್ಟ್ ಯಾವುದೆಂದು ಖಚಿತ ಮಾಡುವ ಕನ್ಫರ್ಮೇಟರಿ ಟೆಸ್ಟ್ ಮಾಡದೆ ಅದರ ಹೆಸರು ಬರೆದರೆ ಸೀನಿಯರ್ ಹೇಳಿಕೊಟ್ಟದ್ದು ಎಂದೇ ಲೆಕ್ಕ.

ಪೋಷಕರ ಸಭೆಯಲ್ಲಿ ಇದನ್ನು ವಿವರಿಸುವುದು ಕಷ್ಟ. ನನ್ನ ನೋಟ್‌ಬುಕ್ಕಿನಲ್ಲಿ ಪ್ರತಿ ಹೆಸರಿನ ಮುಂದೆ ಎರಡು ಅಂಕ ಇರುತ್ತವೆ. ಒಂದು ಒಟ್ಟು, ಇನ್ನೊಂದು ಗಟ್ಟಿ ಅಂಕ, ಅಂದರೆ ಎರಡು ಗೆರೆ ಹಾಕಿ ಸರಿ ಬರೆದದ್ದು. ಕಾಲೇಜಿನ ರಿಜಿಸ್ಟರ್‌ಗೆ ಹೋಗುವುದು ಒಟ್ಟು ಮಾತ್ರ. ಒಬ್ಬ ತಂದೆ ಕೇಳಿದರು: "ಮಗ 16 ತಗೊಂಡಿದ್ದಾನೆ, ನೀವು 9 ಅಂತೀರಲ್ಲ ಮೇಡಂ?" ಉಳಿದ ಏಳರಲ್ಲಿ ಐದು ಸೊನ್ನೆ ಹಾಕಿದವು, ಮುಂದಿನ ಸಲ ಅವು ಬರುತ್ತವೆ ಅಂತ ಹೇಳೋಕಾಗಲ್ಲ ಎಂದೆ. "ಹೇಗೋ ಬಂತಲ್ಲ ಬಿಡಿ" ಅಂದರು. ಬಂದದ್ದು ನಿಜ, ಅದನ್ನು ನಾನು ಕಿತ್ತುಕೊಂಡಿಲ್ಲ. ಹುಡುಗ ಮಾತ್ರ ಅಪ್ಪನ ಹಿಂದಿನಿಂದ ಬಗ್ಗಿ ಆ ಐದು ಪ್ರಶ್ನೆಗಳ ನಂಬರನ್ನು ಮೊಬೈಲಿನಲ್ಲಿ ಬರೆದುಕೊಂಡ.

ಖಾಲಿ ಬಿಟ್ಟ ಹುಡುಗಿಗೂ ಈಗ ಒಂದು ದಾರಿ ಇದೆ. ಸೊನ್ನೆ ಹಾಕಿ ಏನಾದರೊಂದು ಬರೆಯುತ್ತಾಳೆ. ಸುಳ್ಳು ಹೇಳಿದ ಹಾಗಾಗುವುದಿಲ್ಲ, ಅಂಕವೂ ತಪ್ಪುವುದಿಲ್ಲ.

ಮಾಡಿ ನೋಡುವ ಮೇಷ್ಟ್ರುಗಳಿಗೆ ಒಂದು ಮಾತು. ಕೆಲಸ ಪೇಪರ್ ತಯಾರಿಸುವಾಗಲೇ ಜಾಸ್ತಿ. ಪ್ರತಿ ತಪ್ಪು ಆಯ್ಕೆಯೂ ಒಂದು ನಿಜವಾದ ತಪ್ಪಿನಿಂದ ಹುಟ್ಟಿದ್ದಾಗಿರಬೇಕು, ಆ ಪಿಹೆಚ್ 8ರ ಹಾಗೆ. ಲೆಕ್ಕಕ್ಕೆ ನಾಲ್ಕಿರಲಿ ಎಂದು ಏನೋ ಒಂದು ಸಂಖ್ಯೆ ತುಂಬಿದರೆ ಮಕ್ಕಳು ಕೆಮಿಸ್ಟ್ರಿ ಬಿಟ್ಟು ನಿಮ್ಮ ಮನಸ್ಸನ್ನು ಓದುತ್ತಾರೆ. ಎಲ್ಲಕ್ಕಿಂತ ಉದ್ದದ ಆಯ್ಕೆಯೇ ಸರಿ ಎಂಬುದು ಅವರಿಗೆ ಬಹಳ ಬೇಗ ಗೊತ್ತಾಗುತ್ತದೆ. ಎರಡು ಸೆಕ್ಷನ್‌ವರೆಗೆ ಕಾರಣಗಳನ್ನು ಓದಿ ಮುಗಿಸಬಹುದು. ನಾಲ್ಕು ಸೆಕ್ಷನ್ ಇದ್ದವರು ಗುರುತು ಮಾತ್ರ ಇಟ್ಟುಕೊಳ್ಳಿ, ಕಾರಣದ ಸಾಲು ಬಿಟ್ಟುಬಿಡಿ.