ಟೋಟ್, ಸ್ಲಿಂಗ್, ಕ್ಲಚ್: ಹೆಸರು ತಿಳಿದು ಬ್ಯಾಗು ಕೊಳ್ಳಿ

ಆನ್‌ಲೈನ್‌ನಲ್ಲಿ ಬ್ಯಾಗು ನೋಡುವಾಗ ಬಣ್ಣಕ್ಕೆ ಮರುಳಾಗುವ ಮೊದಲು ಹೆಸರು ಓದಿ. ಬ್ಯಾಗು ಕೈಯಲ್ಲಿರುತ್ತದೋ ಹೆಗಲಲ್ಲೋ, ಅದರ ಬಾಯಿ ಮುಚ್ಚುತ್ತದೋ ಇಲ್ಲವೋ ಅನ್ನೋದು ಎಷ್ಟೋ ಸಲ ಹೆಸರಲ್ಲೇ ಗೊತ್ತಾಗುತ್ತದೆ.

ಜಾಸ್ತಿ ಗೊಂದಲ ಇರೋದು ಪರ್ಸಿನಲ್ಲಿ. ನಮ್ಮಲ್ಲಿ ಗಂಡಸರ ಜೇಬಿನಲ್ಲಿರೋದೂ ಪರ್ಸು, ಹೆಂಗಸರು ದುಡ್ಡಿಡೋದೂ ಪರ್ಸು. ಇಂಗ್ಲೆಂಡಿನಲ್ಲಿ ಹೆಂಗಸರ ದುಡ್ಡಿನ ಚೀಲಕ್ಕೆ ಮಾತ್ರ ಪರ್ಸ್ ಅನ್ನುತ್ತಾರೆ, ಅಮೆರಿಕದಲ್ಲಿ ಇಡೀ ಹ್ಯಾಂಡ್‌ಬ್ಯಾಗೇ ಪರ್ಸ್. ಅಲ್ಲಿನ ಅಂಗಡಿಯಲ್ಲಿ ದುಡ್ಡು, ಕಾರ್ಡು ಇಡೋಕೆ ಬೇಕಿದ್ದರೆ ವಾಲೆಟ್ ಅಂತಲೇ ಕೇಳಿ. ಇನ್ನು ಮನೆಯ ಹಿರಿಯರು ಕೈಚೀಲ ಅಂದರೆ ಅದು ತರಕಾರಿ ತರೋದು, ಹ್ಯಾಂಡ್‌ಬ್ಯಾಗು ಅಲ್ಲ. ಅದಕ್ಕೆ ಜಂಬದ ಚೀಲ ಅನ್ನೋ ಚೆಂದದ ಹೆಸರೇ ಇದೆ.

ಕ್ಲಚ್‌ಗೆ ಸಾಮಾನ್ಯವಾಗಿ ಪಟ್ಟಿ ಇರೋದಿಲ್ಲ, ಕೈಯಲ್ಲೇ ಹಿಡಿದಿರಬೇಕು. ಮದುವೆಮನೆಯಲ್ಲಿ ಕುಂಕುಮ ತಗೋಬೇಕು, ತಾಂಬೂಲ ತಗೋಬೇಕು, ಮಗು ಎತ್ತಿಕೋಬೇಕು, ಕಷ್ಟ ಅಲ್ವಾ? ಮಣಿಕಟ್ಟಿಗೆ ಹಾಕೋ ಕುಣಿಕೆ ಇರೋ ರಿಸ್ಟ್‌ಲೆಟ್ ಅಥವಾ ದಾರ ಎಳೆದು ಬಾಯಿ ಬಿಗಿಯುವ ಪೊಟ್ಲಿ ತಗೊಳ್ಳಿ. ಪೊಟ್ಲಿ ನೋಡೋಕೆ ನಮ್ಮ ಎಲೆಯಡಿಕೆ ಸಂಚಿಯ ಹಾಗೇ ಇದ್ದರೂ, ಸಂಚಿಯಲ್ಲಿ ಎಲೆಗೊಂದು, ಅಡಿಕೆಗೊಂದು, ಸುಣ್ಣದ ಡಬ್ಬಿಗೊಂದು ಅಂತ ಪದರಗಳಿರುತ್ತವೆ. ಪೊಟ್ಲಿಯಲ್ಲಿ ಹೆಚ್ಚಾಗಿ ಒಂದೇ ಅರೆ, ಕೀಲಿಕೈ ಸೇರಿದರೆ ಮೊಬೈಲ್ ಪರದೆಗೆ ಗೀರು ಬೀಳಬಹುದು.

ಟೋಟ್ ಅಂದರೆ ಎರಡು ಹಿಡಿಕೆ, ದೊಡ್ಡ ಬಾಯಿ. ಬಾಯಿಗೆ ಜಿಪ್ ಇಲ್ಲದ್ದೇ ಜಾಸ್ತಿ, ಹಾಗಾಗಿ ಬಸ್ಸು, ಮೆಟ್ರೋದಲ್ಲಿ ಓಡಾಡುವವರು ಜಿಪ್ ಇದೆಯಾ ಅಂತ ನೋಡದೆ ಕೊಳ್ಳಬೇಡಿ. ಸ್ಯಾಚೆಲ್ ಗಟ್ಟಿ ಆಕಾರದ್ದು, ಮೇಲೆ ಮಡಚುವ ಮುಚ್ಚಳ ಇರುತ್ತದೆ, ಆಫೀಸಿನ ಕಾಗದ ಮುದುಡೋದಿಲ್ಲ. ಹೋಬೋ ಮೆತ್ತಗೆ, ಅರ್ಧಚಂದ್ರದ ಹಾಗೆ ಜೋತು ಬೀಳುತ್ತದೆ. ಫೈಲು ಇಡೋಕೆ ಆಗಲ್ಲ.

ಸ್ಲಿಂಗ್ ವಿಷಯದಲ್ಲಿ ಸ್ವಲ್ಪ ಹುಷಾರು. ನಮ್ಮಲ್ಲಿ ಎದೆಗೆ ಅಡ್ಡವಾಗಿ ಹಾಕಿ ಸೊಂಟದ ಹತ್ತಿರ ಇಳಿಬಿಡೋದಕ್ಕೆ ಸ್ಲಿಂಗ್ ಅನ್ನುತ್ತೇವೆ, ವಿದೇಶದ ಸೈಟುಗಳಲ್ಲಿ ಅದು ಕ್ರಾಸ್‌ಬಾಡಿ. ಅಲ್ಲಿ ಸ್ಲಿಂಗ್ ಅಂತ ಹುಡುಕಿದರೆ ಬೆನ್ನಿಗೋ ಎದೆಗೋ ಅಂಟಿಕೊಂಡಂತೆ ಕೂರುವ ಒಂಟಿ ಪಟ್ಟಿಯ ಬ್ಯಾಗುಗಳೇ ಜಾಸ್ತಿ ಸಿಗುತ್ತವೆ. ಹೆಸರಿನ ಜೊತೆ 'ಸ್ಟ್ರಾಪ್ ಡ್ರಾಪ್' ಎಷ್ಟು ಅಂತಲೂ ನೋಡಿ. ಅದು ಪಟ್ಟಿಯ ಪೂರ್ತಿ ಉದ್ದ ಅಲ್ಲ, ಪಟ್ಟಿಯನ್ನು ಮೇಲಕ್ಕೆತ್ತಿ ಹಿಡಿದಾಗ ಅದರ ತುದಿಯಿಂದ ಬ್ಯಾಗಿನ ಬಾಯಿವರೆಗಿನ ಅಳತೆ. ಹೆಗಲಿಗೆ ಸುಮಾರು 25 ಸೆಂಟಿಮೀಟರ್ ಸಾಕು, ಅಡ್ಡ ಹಾಕೋಕೆ 50ರಿಂದ 60 ಬೇಕು. ಸುಮ್ನೆ ಅಂದಾಜು ಮಾಡಬೇಡಿ, ಟೇಪು ಹಿಡಿದು ಹೆಗಲಿಂದ ಸೊಂಟದವರೆಗೆ ಅಳೆದುಕೊಳ್ಳಿ. ಸೀರೆ ಉಡುವವರು ಪಟ್ಟಿ ಬಿಚ್ಚಿ ತೆಗೆಯೋಕೆ ಬರುವಂಥದ್ದನ್ನೇ ಆರಿಸಿ, ಅಡ್ಡ ಹಾಕಿದರೆ ಸೆರಗಿನ ನೆರಿಗೆ ಪೂರ್ತಿ ಮುದುಡುತ್ತದೆ.