ಓದುವುದು ಮಗುವೋ, ಫೋನೋ? ನಲಿ-ಕಲಿ ತರಗತಿಗೆ ಆ್ಯಪ್ ಆರಿಸುವ ಬಗೆ

ಶಾಲೆಗೆ ದಾನಿಗಳು ಕೊಟ್ಟ ಸ್ಮಾರ್ಟ್ ಟಿವಿ ಬಂದಿದೆ, ಒಂದೆರಡು ಟ್ಯಾಬ್ ಇವೆ, ಟೀಚರ್ ಕೈಯಲ್ಲಿ ಫೋನಿದೆ. ನಲಿ-ಕಲಿ ಪದ್ಧತಿಯಲ್ಲಿ, ಅಂದರೆ ಚಟುವಟಿಕೆಗಳ ಮೂಲಕ, ಕಲಿಯುವ ಒಂದರಿಂದ ಮೂರನೇ ತರಗತಿಯ ಮಕ್ಕಳಿಗೆ ಓದು ಕಲಿಸಲು ಇವುಗಳಲ್ಲಿ ಏನನ್ನು ಹಾಕಿಕೊಳ್ಳಬೇಕು? ಹುಡುಕಿದರೆ ಆ್ಯಪ್‌ಗಳಿಗೇನೂ ಬರವಿಲ್ಲ. ಬಣ್ಣ, ಹಾಡು, ಚಪ್ಪಾಳೆ ಎಲ್ಲದರಲ್ಲೂ ಇವೆ. ಆದರೆ ಆರಿಸುವಾಗ ಒಂದು ಪ್ರಶ್ನೆ ಸದಾ ಜೊತೆಗಿರಲಿ: ಇದನ್ನು ಬಳಸುವಾಗ ಓದುತ್ತಿರುವುದು ಮಗುವೋ, ಫೋನೋ?

ಮೊದಲು ಮಗು, ಆಮೇಲೆ ಆ್ಯಪ್

ಪ್ರತಿ ಮಗುವನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಓದಿಸಿ. ಮಕ್ಕಳ ಓದು-ಲೆಕ್ಕದ ಮಟ್ಟ ಅಳೆಯುವ ಅಸರ್ ಸಮೀಕ್ಷೆ 2005ರಿಂದ ಬಳಸುತ್ತಿರುವ ಓದಿನ ಹಾಳೆಯ ಕ್ರಮವೇ ಸಾಕು: ಬಿಡಿ ಅಕ್ಷರ, ಪದ, ಒಂದನೇ ತರಗತಿ ಮಟ್ಟದ ಕೆಲವು ವಾಕ್ಯ, ಎರಡನೇ ತರಗತಿ ಮಟ್ಟದ ಪುಟ್ಟ ಕಥೆ. ಯಾರು ಅಕ್ಷರದಲ್ಲೇ ಇದ್ದಾರೆ, ಯಾರು ಕಾಗುಣಿತದಲ್ಲಿ ನಿಂತಿದ್ದಾರೆ, ಯಾರು ಒತ್ತಕ್ಷರ ಬಂದೊಡನೆ ಎಡವುತ್ತಾರೆ, ಯಾರು ಗಡಗಡ ಓದಿದರೂ ಕಥೆಯಲ್ಲಿ ಏನಾಯಿತೆಂದು ಹೇಳಲಾರರು ಎಂಬುದೆಲ್ಲ ಆಗ ತಿಳಿಯುತ್ತದೆ. ಈ ನಾಲ್ಕು ಗುಂಪಿಗೂ ಒಂದೇ ಆ್ಯಪ್ ಹೊಂದುವುದಿಲ್ಲ. ಯಾವ ಗುಂಪಿಗೆ ಬೇಕೆಂದು ಗೊತ್ತುಮಾಡಿಕೊಂಡೇ ಹುಡುಕಲು ಕೂರಿ.

ಅಕ್ಷರಗಳ ಕ್ರಮ ನೋಡಿ

ಹೆಚ್ಚಿನವರು ಗಮನಿಸದ ಸಂಗತಿಯಿದು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊಳೆತು ರಾಜ್ಯದುದ್ದಕ್ಕೂ ಹರಡಿದ ನಲಿ-ಕಲಿ 'ಅ ಆ ಇ ಈ'ಯಿಂದ ಆರಂಭವಾಗುವುದಿಲ್ಲ. 'ರ ಗ ಸ ದ ಅ' ಇಂದ ಆರಂಭವಾಗುತ್ತದೆ. ಈ ಐದು ಅಕ್ಷರ ಬಂದರೆ ಸಾಕು, ಮಗು ಸರ, ರಸ, ಅರಸ, ಅಗಸ, ಗರಗಸ ಎಂದು ನಿಜವಾದ ಪದಗಳನ್ನೇ ಓದುತ್ತದೆ. ವರ್ಣಮಾಲೆಯ ಕ್ರಮ ಹಿಡಿದ ಆ್ಯಪ್‌ನಲ್ಲಾದರೋ 'ಮರ' ಎಂಬ ಪದ ಓದುವ ಮೊದಲೇ ಋ, ಐ, ಔಗಳನ್ನು ದಾಟಬೇಕು. ಬೆಳಿಗ್ಗೆ ತರಗತಿಯಲ್ಲಿ ಒಂದು ಕ್ರಮ, ಮಧ್ಯಾಹ್ನ ಟ್ಯಾಬ್‌ನಲ್ಲಿ ಇನ್ನೊಂದು ಎಂದಾದರೆ ಆಗಷ್ಟೇ ಕಲಿಯುತ್ತಿರುವ ಮಗು ಗಲಿಬಿಲಿಗೊಳ್ಳುತ್ತದೆ. ಬೇಕಾದ ಅಕ್ಷರಗಳನ್ನು ನಾವೇ ಆರಿಸಿಕೊಳ್ಳಲು ಬಿಡುವ ಆ್ಯಪ್ ಹುಡುಕಿ. ಸಿಗದಿದ್ದರೆ ಮಕ್ಕಳು ಇರುವ ಮೆಟ್ಟಿಲಿಗೆ ತಕ್ಕ ಪದಗಳನ್ನು ಫೋನಿನಲ್ಲೇ ದೊಡ್ಡದಾಗಿ ಟೈಪ್ ಮಾಡಿ ಟಿವಿಯಲ್ಲಿ ತೋರಿಸಿ. ಎಷ್ಟೋ ಆ್ಯಪ್‌ಗಳಿಗಿಂತ ಅದು ಮೇಲು.

ವರ್ಣಮಾಲೆಯಲ್ಲಿರುವುದು 49 ಅಕ್ಷರ. ಕಾಗುಣಿತ, ಒತ್ತಕ್ಷರ ಸೇರಿದರೆ ಮಗು ಗುರುತಿಸಬೇಕಾದ ರೂಪಗಳು ನೂರಾರು. ಕನ್ನಡ ಓದಿನ ಆರಂಭದ ಬಗ್ಗೆ ಸಂಶೋಧಕಿ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಕಲಿಕೆ ನಾಲ್ಕನೇ ತರಗತಿಯವರೆಗೂ ಚಾಚುವುದು ಕಂಡುಬಂದಿತ್ತು. ಹಾಗಾಗಿ 'ಳ'ಗೆ ಮುಗಿದುಹೋಗುವ ಆ್ಯಪ್ ಅರ್ಧ ದಾರಿಯನ್ನೂ ಕ್ರಮಿಸಿರುವುದಿಲ್ಲ. ಕಾಗುಣಿತವನ್ನು ಕ-ಕಾ-ಕಿ-ಕೀ ಎಂದು ರಾಗವಾಗಿ ಹಾಡಿಸುವುದಷ್ಟೇ ಇದೆಯೋ, 'ಕಿವಿ', 'ಗಿಳಿ', 'ನೀರು' ಎಂದು ಪದದೊಳಗೆ ಓದಿಸುವುದೂ ಇದೆಯೋ ನೋಡಿ. ಎರಡನೆಯದೇ ಬೇಕಾದದ್ದು.

ಕಣ್ಣಿಗೂ ಕಿವಿಗೂ ಒಂದು ಪರೀಕ್ಷೆ

ಅಕ್ಕ, ಹಣ್ಣು, ಸೂರ್ಯ, ಕೃಷ್ಣ, ಶಾಸ್ತ್ರ. ಇಂಥ ಪದಗಳಿರುವ ಪುಟ ತೆರೆಯಿರಿ. ಒತ್ತು ಕೆಳಗಿಳಿಯದೆ 'ಅಕ್‌ಕ' ಎಂದು ಮುರಿದು ಕಂಡರೆ ಆ ಆ್ಯಪ್ ಬೇಡ; ತಪ್ಪು ರೂಪ ಕಣ್ಣಿಗೆ ಕೂತುಬಿಟ್ಟರೆ ಬಿಡಿಸುವುದು ಕಷ್ಟ. ಅಲಂಕಾರದ ಫಾಂಟ್‌ಗಳೂ ಬೇಡ. ಪ-ಷ, ಬ-ಭ, ವ-ಮ ಮೊದಲೇ ಒಂದನ್ನೊಂದು ಹೋಲುತ್ತವೆ.

ಇನ್ನು ದನಿ. 'ಬಲೆ' ಮತ್ತು 'ಬಳೆ', 'ಹಾಲು' ಮತ್ತು 'ಆಲು' ಬೇರೆ ಬೇರೆಯಾಗಿ ಕೇಳಿಸುತ್ತವೆಯೇ? ಯಂತ್ರದ ದನಿಗಿಂತ ಮನುಷ್ಯರು ಓದಿ ಮುದ್ರಿಸಿದ ದನಿ ಒಳ್ಳೆಯದು. ಮಗು ಓದಿದ್ದನ್ನು ಕೇಳಿಸಿಕೊಂಡು ಸರಿ-ತಪ್ಪು ಹೇಳುವ ಆ್ಯಪ್ ಆದರೆ ನಿಮ್ಮೂರಿನ ಮಕ್ಕಳಿಂದಲೇ ಓದಿಸಿ ನೋಡಿ. ಕಲಬುರಗಿಯ ಮಗುವೂ ಪುತ್ತೂರಿನ ಮಗುವೂ ಒಂದೇ ಸಾಲನ್ನು ಒಂದೇ ಬಗೆಯಲ್ಲಿ ಉಲಿಯುವುದಿಲ್ಲ. ಮನೆಮಾತಿನ ಉಚ್ಚಾರಕ್ಕೆ ಕೆಂಪು ಗುರುತು ಹಾಕುವ ಆ್ಯಪ್ ಮಗುವಿನ ಧೈರ್ಯವನ್ನೇ ಕುಂದಿಸುತ್ತದೆ. ಅಂಥದ್ದನ್ನು ತರಗತಿಗೆ ತರಬೇಡಿ.

ಓದುವ ಕೆಲಸ ಯಾರದು?

ಮೂರು ಚಿತ್ರ ತೋರಿಸಿ 'ಸರಿಯಾದುದನ್ನು ಒತ್ತು' ಎನ್ನುವ ಆಟದಲ್ಲಿ ಮಗು ಪದ ಓದದೆಯೂ ಒತ್ತುತ್ತಾ ಹೋಗಿ ನಕ್ಷತ್ರ ಗಳಿಸಬಹುದು. ಕಥೆಯ ವಿಡಿಯೊ ತಾನೇ ಓದಿ ಮುಗಿಸಿದರೆ ಅದು ಕೇಳುವಿಕೆ. ಕೇಳುವುದೂ ಬೇಕು, ಶಬ್ದಭಂಡಾರ ಬೆಳೆಯುವುದೇ ಅದರಿಂದ. ಆದರೆ ಅದನ್ನು ಓದಿನ ಲೆಕ್ಕಕ್ಕೆ ಸೇರಿಸಬಾರದು. ಒಮ್ಮೆ ದನಿಯೊಂದಿಗೆ ತೋರಿಸಿ, ಎರಡನೇ ಸಲ ದನಿ ಪೂರ್ತಿ ತಗ್ಗಿಸಿ ಮಕ್ಕಳಿಂದ ಓದಿಸಿ. ಓದುತ್ತಿರುವ ಪದ ಬಣ್ಣ ಬದಲಿಸುತ್ತಾ ಹೋಗುವ ವಿಡಿಯೊ ಸಿಕ್ಕರೆ ಇನ್ನೂ ಚೆನ್ನ.

ಕಥೆಗಳಿಗಾಗಿ ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಸ್ಟೋರಿವೀವರ್ ತಾಣವನ್ನು ನಾನು ಮೊದಲು ಹೇಳುತ್ತೇನೆ. ಕನ್ನಡದ ಕಥೆಗಳು ಉಚಿತ, ನಾಲ್ಕು ಓದಿನ ಹಂತಗಳಲ್ಲಿ ವಿಂಗಡಿಸಿದ್ದಾರೆ, ಮುಕ್ತ ಪರವಾನಗಿಯಿರುವುದರಿಂದ ಇಳಿಸಿಕೊಂಡು ಮುದ್ರಿಸಬಹುದು. ಅನುವಾದಿತ ಕಥೆಗಳೂ ಸಾಕಷ್ಟಿವೆ. ತರಗತಿಗೆ ಒಯ್ಯುವ ಮುನ್ನ ಗಟ್ಟಿಯಾಗಿ ಓದಿಕೊಳ್ಳಿ. ನಾಲಗೆ ತೊಡರಿದ ವಾಕ್ಯ ಮಗುವಿಗೂ ತೊಡರುತ್ತದೆ. ಪಠ್ಯದ ಪಾಠಕ್ಕೆ ಹೊಂದಿಕೊಂಡ ಸಾಮಗ್ರಿ ಬೇಕಿದ್ದರೆ ಪುಸ್ತಕದಲ್ಲಿರುವ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಸರ್ಕಾರದ ಕಲಿಕಾ ತಾಣ ದೀಕ್ಷಾದಲ್ಲಿ ನೋಡಿ.

ಟ್ಯಾಬ್ ಕಡಿಮೆ ಇರುವುದು ಕೊರತೆಯೇನಲ್ಲ. ಗೆಳೆಯರ ಸಹಾಯದ ತಟ್ಟೆಯಲ್ಲಿ (ನಲಿ-ಕಲಿಯಲ್ಲಿ ಮಕ್ಕಳು ಕೂತು ಕಲಿಯುವ ಗುಂಪಿಗೆ ತಟ್ಟೆ ಎನ್ನುತ್ತಾರೆ) ಇಬ್ಬರಿಗೆ ಒಂದು ಕೊಡಿ. ಒಬ್ಬರು ಬೆರಳಿಟ್ಟು ಓದಲಿ, ಇನ್ನೊಬ್ಬರು ಕೇಳಿ ತಿದ್ದಲಿ, ಪುಟಕ್ಕೊಮ್ಮೆ ಸರದಿ ಬದಲಾಗಲಿ. ಸ್ವಕಲಿಕೆ ತಟ್ಟೆಗೆ ಹೋಗುವುದು ಆ ಮಗು ಆಗಲೇ ಕಲಿತ ಮೆಟ್ಟಿಲಿನ ಅಭ್ಯಾಸ ಮಾತ್ರ.

ಹಾಕಿಕೊಳ್ಳುವ ಮುನ್ನ

ನೆಟ್‌ವರ್ಕ್ ಇಲ್ಲದೆ ಓಡುತ್ತದೆಯೇ ಎಂದು ಏರೋಪ್ಲೇನ್ ಮೋಡ್‌ನಲ್ಲಿಟ್ಟು ನೋಡಿ. ಜಾಹೀರಾತು ಬಂದರೆ ತೆಗೆದುಹಾಕಿ. ಮಗುವಿನ ಹೆಸರು, ಫೋಟೊ, ಪೋಷಕರ ಮೊಬೈಲ್ ನಂಬರ್ ಕೇಳಿದರೆ ಕೊಡಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದವರೆಲ್ಲರನ್ನೂ ಮಕ್ಕಳೆಂದೇ ಪರಿಗಣಿಸಿ, ಅವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ.

ತಿಂಗಳಾದ ಮೇಲೆ

ಮಕ್ಕಳು ಹಿಂದೆ ಕಾಣದ ಒಂದು ಕಥೆಯನ್ನು ಕಾಗದದ ಮೇಲೆ ಕೊಟ್ಟು, ಮೊದಲಿನಂತೆಯೇ ಪಕ್ಕದಲ್ಲಿ ಕೂತು ಓದಿಸಿ. ಆ್ಯಪ್ ಕೊಟ್ಟ ನಕ್ಷತ್ರಗಳನ್ನು ಎಣಿಸಬೇಡಿ. ಟ್ಯಾಬ್‌ನಲ್ಲಿ ಓದಿದ ಒತ್ತಕ್ಷರವನ್ನು ಮಗು ಕಾಗದದ ಮೇಲೂ ಓದಿದರೆ ಆ ಆ್ಯಪ್ ಇಟ್ಟುಕೊಂಡು ಮುಂದಿನ ಮೆಟ್ಟಿಲಿಗೆ ಹೋಗಿ. ಓದದಿದ್ದರೆ ಅದನ್ನು ಅಳಿಸಿ, ಅದಕ್ಕೆ ಕೊಡುತ್ತಿದ್ದ ಅರ್ಧ ಗಂಟೆಯನ್ನು ಆ ಗುಂಪಿನ ಜೊತೆ ಮಿಂಚುಪಟ್ಟಿ (ಫ್ಲ್ಯಾಶ್ ಕಾರ್ಡ್), ಕಥೆಪುಸ್ತಕ ಹಿಡಿದು ಕೂರಲು ಬಳಸಿ.