ಭರಣಿ ಮಳೆಗೆ ದಪ್ಪವಾದ ಕಾಡು

ಚಿತ್ರದುರ್ಗದ ಜೋಗಿಮಟ್ಟಿ ಕಾಡಿನಲ್ಲಿ ಹೆಕ್ಟೇರಿಗೆ ಎಷ್ಟು ಘನ ಮೀಟರ್ ನಾಟಾ ನಿಂತಿದೆ? ಉಪಗ್ರಹದ ರಾಡಾರ್ ಚಿತ್ರದಿಂದ ಇದರ ಲೆಕ್ಕ ಹಾಕಲು ಕೂತೆ. ಮೊದಲು ತೆಗೆದುಕೊಂಡಿದ್ದು ಯುರೋಪಿನ ಸೆಂಟಿನೆಲ್-1 ಉಪಗ್ರಹದ ಚಿತ್ರ. ದುಡ್ಡು ಕೊಡಬೇಕಿಲ್ಲ, 12 ದಿನಕ್ಕೊಮ್ಮೆ ಅದೇ ಜಾಗದ ಚಿತ್ರ ಸಿಗುತ್ತದೆ. ಏಪ್ರಿಲ್ ಕೊನೆಯ ಚಿತ್ರದಲ್ಲಿ ಒಂದು ಲೆಕ್ಕ ಬಂತು. ಅದರ ಮುಂದಿನ ಚಿತ್ರದಲ್ಲಿ ಅದೇ ಗುಡ್ಡದ ನಾಟಾ ಏಕಾಏಕಿ ಜಾಸ್ತಿಯಾಗಿತ್ತು. ಜೊತೆಗೆ ಬರುತ್ತಿದ್ದ ವಾಚರ್ ಅಣ್ಣನಿಗೆ ಹೇಳಿದೆ. "ಹನ್ನೆರಡು ದಿನಕ್ಕೆ ದಿಂಡಿಗದ ಮರ ಎಲ್ಲಾದ್ರೂ ದಪ್ಪ ಆಗುತ್ತಾ ಸಾರ್? ನಡುವೆ ಭರಣಿ ಮಳೆ ಬಂತಲ್ಲ!" ಅಂದರು.

ಹೌದು, ಮಳೆಯೇ. ನೆಲ, ಎಲೆ, ಕೊಂಬೆ ಒದ್ದೆಯಾದರೆ ರಾಡಾರ್ ಅಲೆ ಜೋರಾಗಿ ವಾಪಸ್ ಬರುತ್ತದೆ. ಅದೂ ಅಲ್ಲದೆ ಸೆಂಟಿನೆಲ್‌ನ ಅಲೆ ಬರೀ 5.6 ಸೆಂಟಿಮೀಟರ್ ಉದ್ದ. ಎಲೆ, ಸಣ್ಣ ರೆಂಬೆಗೆ ತಾಗಿಯೇ ಹಿಂದಿರುಗುತ್ತದೆ. ನಾಟಾ ಇರುವುದು ಬೊಡ್ಡೆಯಲ್ಲಿ, ಅಲ್ವಾ?

ಹಾಗಾಗಿ ಜಪಾನಿನ ಆಲೋಸ್-2 ಉಪಗ್ರಹದ ಕಡೆ ಹೋದೆ. ಅದರ ಅಲೆ ಸುಮಾರು 24 ಸೆಂಟಿಮೀಟರ್. ಎಲೆ ದಾಟಿ ದಪ್ಪ ಕೊಂಬೆ, ಬೊಡ್ಡೆವರೆಗೆ ಇಳಿಯುತ್ತದೆ. ಮಲೆನಾಡಿನ ದಟ್ಟ ಕಾಡಿನಲ್ಲಿ ಇದೂ ಒಂದು ಮಿತಿಗೆ ಬಂದು ನಿಲ್ಲುತ್ತದೆ, ಆಮೇಲೆ ಮರ ಎಷ್ಟೇ ಹೆಚ್ಚಿದರೂ ಸಂಖ್ಯೆ ಏರುವುದಿಲ್ಲ. ನಮ್ಮ ಒಣ ಕಾಡಿಗೆ ಆ ತೊಂದರೆ ಅಷ್ಟಿಲ್ಲ.

ಆದರೆ ರಾಡಾರ್ ಕೊಡುವುದು ಡೆಸಿಬೆಲ್, ಅಂದರೆ ವಾಪಸ್ ಬಂದ ಅಲೆ ಎಷ್ಟು ಜೋರು ಅನ್ನುವ ಅಳತೆ. ಅದನ್ನು ಘನ ಮೀಟರ್ ಮಾಡಲು ಕಾಡಿಗೇ ಹೋಗಬೇಕು. 31.62 ಮೀಟರ್ ಚೌಕದ ಪ್ಲಾಟ್ ಹಾಕಿದೆವು, ಅಂದರೆ ಹೆಕ್ಟೇರಿನ ಹತ್ತನೇ ಒಂದು ಭಾಗ. ನೆಲದಿಂದ 1.37 ಮೀಟರ್ ಎತ್ತರದಲ್ಲಿ ಟೇಪು ಸುತ್ತಬೇಕು. ಇಳಿಜಾರಿನಲ್ಲಿ ಮೇಲಿನ ಬದಿಗೆ ನಿಂತು ಅಳೆಯಬೇಕು. ದಿಂಡಿಗದ ಬಿಳಿಚು ತೊಗಟೆ ನುಣುಪು, ಟೇಪು ಸಲೀಸಾಗಿ ಕೂರುತ್ತದೆ. ಹಿಂದೆ ಕಡಿದು ಚಿಗುರಿದ ಮರದಲ್ಲಿ ಬುಡದಿಂದಲೇ ಮೂರ್ನಾಲ್ಕು ಬೊಡ್ಡೆ ಎದ್ದಿರುತ್ತವೆ, ಒಂದೊಂದನ್ನೂ ಬೇರೆ ಮರ ಅಂತಲೇ ಬರೆದುಕೊಂಡೆವು. ಸುತ್ತಳತೆ, ಎತ್ತರ, ಜಾತಿ ಮೂರೂ ಸಿಕ್ಕರೆ ಪ್ಲಾಟಿನ ನಾಟಾ ಸಿಗುತ್ತದೆ. ಹತ್ತರಿಂದ ಗುಣಿಸಿದರೆ ಹೆಕ್ಟೇರಿಗೆ. ಅದನ್ನು ಅದೇ ಜಾಗದ ಡೆಸಿಬೆಲ್ ಜೊತೆ ಹೊಂದಿಸಿ ನೋಡಿದರೆ, ಎಷ್ಟು ಡೆಸಿಬೆಲ್‌ಗೆ ಎಷ್ಟು ನಾಟಾ ಅನ್ನುವುದು ಸಿಗುತ್ತದೆ.

ದುರ್ಗದ ಬಂಡೆಗಳು ಮಾತ್ರ ತುಂಬಾ ಕಾಡಿದವು. ಬಂಡೆರಾಶಿ ಚಿತ್ರದಲ್ಲಿ ಬೆಳ್ಳಗೆ ಹೊಳೆಯುತ್ತದೆ, ಮರ ಅನ್ನಿಸಿಬಿಡುತ್ತದೆ. ಗುಡ್ಡದ ಮೇಲಿನ ಗಾಳಿಯಂತ್ರಗಳೂ ಹಾಗೇ. ಉಪಗ್ರಹಕ್ಕೆ ಎದುರಾದ ಇಳಿಜಾರು ಕೂಡ ಸುಮ್ನೆ ಹೊಳೆಯುತ್ತದೆ. ಇಳಿಜಾರಿನ ತಿದ್ದುಪಡಿ ಮಾಡಿ, ಬಂಡೆ ಮತ್ತು ಯಂತ್ರದ ಜಾಗಗಳನ್ನು ಒಂದೊಂದಾಗಿ ಗುರುತಿಸಿ ಬಿಟ್ಟೆ. ಬೇಸರದ ಕೆಲಸ, ಆದರೆ ಲೆಕ್ಕ ನಂಬುವ ಹಾಗಾಗಿದ್ದು ಇದರಿಂದಲೇ. ಇನ್ನೊಂದು ಮಾತು: ಡೆಸಿಬೆಲ್‌ಗಳ ಸರಾಸರಿ ತೆಗೆಯಬೇಡಿ. ಮೊದಲು ಮೂಲ ಶಕ್ತಿಯ ಸರಾಸರಿ ತೆಗೆದು, ಆಮೇಲೆ ಡೆಸಿಬೆಲ್ ಮಾಡಿ. ನಾನು ಉಲ್ಟಾ ಮಾಡಿ ಒಂದು ವಾರ ಕಳೆದುಕೊಂಡೆ.

2025ರ ಜುಲೈ 30ರಂದು ಶ್ರೀಹರಿಕೋಟದಿಂದ ನಾಸಾ ಮತ್ತು ಇಸ್ರೋ ಸೇರಿ ಮಾಡಿದ ರಾಡಾರ್ ಉಪಗ್ರಹ ನಿಸಾರ್ ಹಾರಿತು. ಅದರಲ್ಲೂ 24 ಸೆಂಟಿಮೀಟರ್ ಅಲೆ ಇದೆ, ಅದೂ 12 ದಿನಕ್ಕೊಮ್ಮೆ. ಈ ಸಲ ಎಲೆ ಉದುರಿದ ಫೆಬ್ರವರಿ, ಮಾರ್ಚ್ ಚಿತ್ರಗಳನ್ನೇ ಹಿಡಿಯುತ್ತೇನೆ. ಪ್ಲಾಟಿನ ಮೂಲೆ ಕಲ್ಲುಗಳಿಗೆ ವಾಚರ್ ಅಣ್ಣ ಆಗಲೇ ಹೊಸ ಬಣ್ಣ ಬಳಿದಿಟ್ಟಿದ್ದಾರೆ.